ಪದ ಪರಿಚಯ: ದೃಢೀಕೃತ ನಕಲು

‘ನಕಲು’ ಎಂದೊಡನೆ ನಮಗೆ ನೆನಪಾಗುವುದು ಪರೀಕ್ಷೆಯ ಚೀಟಿ, ಖೋಟಾ ಸಹಿ. ನ್ಯಾಯಾಲಯದಲ್ಲಿ ಮಾತ್ರ ಅದೇ ಪದಕ್ಕೆ ಬೇರೆಯೇ ಮರ್ಯಾದೆ. ಕಡತದಲ್ಲಿರುವುದನ್ನು ಇದ್ದ ಹಾಗೆಯೇ ಪ್ರತಿ ಮಾಡಿ, ಇದು ಮೂಲದ ನಿಜ ಪ್ರತಿ ಎಂದು ಬರೆದು, ಅಧಿಕಾರಿಯು ಹೆಸರು, ಹುದ್ದೆ, ತಾರೀಖು ಸಹಿತ ರುಜು ಹಾಕಿ ಮೊಹರು ಒತ್ತಿದರೆ ಅದು ದೃಢೀಕೃತ ನಕಲು.

ಹೊರಗಿರುವವರು ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ನಾಲ್ಕು ಸಲ ಅಲೆದಾದರೂ ಅದನ್ನು ಪಡೆಯುತ್ತಾರೆ. ಸೆರೆಯಲ್ಲಿರುವವರು ಅಲೆಯುವುದೆಲ್ಲಿ? ಆದ್ದರಿಂದ ಕಾಗದವೇ ಅವರನ್ನು ಹುಡುಕಿಕೊಂಡು ಹೋಗಬೇಕೆಂದು ಕಾನೂನು ಹೇಳುತ್ತದೆ. ಅಪರಾಧ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಹೊಸ ಕಾಯಿದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 404ನೇ ಕಲಮಿನ ಪ್ರಕಾರ, ಜೈಲುಶಿಕ್ಷೆ ವಿಧಿಸಿದ ಕೂಡಲೇ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಕೇಳಿದರೆ, ಸಾಧ್ಯವಿದ್ದಲ್ಲಿ, ಅವರದೇ ಭಾಷೆಯ ಅನುವಾದವನ್ನೂ ಕೊಡಬೇಕು. ತನ್ನನ್ನು ಏಕೆ ಒಳಗಿಟ್ಟಿದ್ದಾರೆ ಎಂಬುದನ್ನು ಓದಲಾಗದ ಭಾಷೆಯಲ್ಲಿ ಹಿಡಿದು ಕೂರುವುದಕ್ಕಿಂತ ದೊಡ್ಡ ಅಸಹಾಯಕತೆ ನನಗೆ ತೋಚದು. ಈ ಹಕ್ಕು ಎಷ್ಟು ಮಂದಿಗೆ ತಿಳಿದಿದ್ದರೂ ಕಡಿಮೆಯೇ.

ವಿಚಾರಣಾಧೀನ ಕೈದಿಗೆ ಇದೇ ಸಂಹಿತೆಯ 230ನೇ ಕಲಂ ಇದೆ: ನ್ಯಾಯಾಲಯದ ಮುಂದೆ ಹಾಜರಾದ 14 ದಿನಗಳೊಳಗೆ ದೋಷಾರೋಪ ಪಟ್ಟಿ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆಗಳ ಪ್ರತಿ ಸಿಗಬೇಕು. ವಿದ್ಯುನ್ಮಾನ ರೂಪದಲ್ಲಿ ಕೊಟ್ಟರೂ ಸಾಕೆಂದು ಹೊಸ ಕಾಯಿದೆ ಹೇಳುತ್ತದೆ. ಕಂಪ್ಯೂಟರ್ ಮುಟ್ಟಲಾಗದವನ ಕೈಗೆ ಪೆನ್‌ಡ್ರೈವ್ ಕೊಟ್ಟರೆ ಕೊಟ್ಟಂತಾಯಿತೇ? ನನಗಂತೂ ಒಪ್ಪಿಗೆಯಿಲ್ಲ.

ತೀರ್ಪಿನ ಪ್ರತಿ ಪಡೆಯುವ ಹಕ್ಕಿಗೆ ಬಲ ತಂದದ್ದು 1978ರ ಹೊಸ್ಕೋಟ್ ಪ್ರಕರಣ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿ ಪತ್ರಗಳನ್ನು ಖೋಟಾ ಮಾಡಲು ಹೊರಟ ಆರೋಪದಲ್ಲಿ ಶಿಕ್ಷೆಯಾದ ಹೊಸ್ಕೋಟ್ ಎಂಬವನು ಹೈಕೋರ್ಟ್ ತೀರ್ಪಿನ ನಾಲ್ಕು ವರ್ಷಗಳ ನಂತರ ಸುಪ್ರೀಂ ಕೋರ್ಟಿಗೆ ಬಂದ. ತೀರ್ಪಿನ ಪ್ರತಿ ತನಗೆ ಸಕಾಲದಲ್ಲಿ ಸಿಗಲಿಲ್ಲ ಎಂಬುದು ಅವನ ವಾದ. ಕೊಟ್ಟಿದ್ದೆವು ಎಂಬುದು ಜೈಲಿನವರ ಮಾತು. ಅವನ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಎಲ್ಲ ಕೈದಿಗಳಿಗೂ ಅನ್ವಯವಾಗುವ ನಿರ್ದೇಶನ ಕೊಟ್ಟಿತು. ಪ್ರತಿಯನ್ನು ಜೈಲಿನ ಮೂಲಕ ಕಳಿಸಿದರೆ ಅಧಿಕಾರಿ ಅದನ್ನು ಬೇಗನೆ ತಲುಪಿಸಿ, ಕೈದಿಯಿಂದ ಲಿಖಿತ ಸ್ವೀಕೃತಿ ಪಡೆಯಬೇಕು. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ಸಂವಿಧಾನದ 21ನೇ ವಿಧಿಯ ನ್ಯಾಯಯುತ ಪ್ರಕ್ರಿಯೆಯಲ್ಲಿ ಇದೂ ಸೇರಿದೆ ಎಂದಿತು.

ಇಷ್ಟು ಅವಸರ ಏಕೆಂದರೆ ಮೇಲ್ಮನವಿಗೆ ಗಡುವಿದೆ: ಹೈಕೋರ್ಟಿಗೆ 60 ದಿನ, ಮರಣದಂಡನೆಯಾಗಿದ್ದರೆ 30 ದಿನ, ಸೆಷನ್ಸ್ ನ್ಯಾಯಾಲಯಕ್ಕೆ 30 ದಿನ. ನಕಲು ಪಡೆಯಲು ಹಿಡಿದ ಕಾಲವನ್ನು ಕಾಲಮಿತಿ ಕಾಯಿದೆ ಈ ಲೆಕ್ಕದಿಂದ ಬಿಡುತ್ತದೆ. ನಕಲಿನ ಮೇಲೆ ಸಣ್ಣಕ್ಷರಗಳಲ್ಲಿ ಬರೆದಿರುವ ತಾರೀಖುಗಳನ್ನು, ಅಂದರೆ ಅರ್ಜಿ ಕೊಟ್ಟ ದಿನ, ಪ್ರತಿ ಸಿದ್ಧವಾದ ದಿನ, ಕೈಸೇರಿದ ದಿನ, ವಕೀಲರು ತೀರ್ಪಿಗಿಂತ ಮೊದಲು ನೋಡುವುದು ಇದಕ್ಕಾಗಿಯೇ.

ಕೈದಿ ತನ್ನ ಮೇಲ್ಮನವಿಯನ್ನು ನಕಲಿನ ಜೊತೆಗೆ ಜೈಲಿನ ಅಧಿಕಾರಿಗೇ ಒಪ್ಪಿಸಬಹುದು. ಅದನ್ನು ನ್ಯಾಯಾಲಯಕ್ಕೆ ಕಳುಹಿಸುವುದು ಆ ಅಧಿಕಾರಿಯ ಕರ್ತವ್ಯ. ವಕೀಲರಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಬಂಧನದಲ್ಲಿರುವವರು ಉಚಿತ ನೆರವಿಗೆ ಅರ್ಹರೆಂದು 1987ರ ಕಾಯಿದೆಯಲ್ಲೇ ಬರೆದಿದೆ.