ಔಷಧಿಯಿಂದ ಬರುವ ಖಿನ್ನತೆ

ವೈರಸ್ ಕಾಯಿಲೆಗೆ ಔಷಧಿ ಶುರು ಮಾಡಿ ಕೆಲವು ವಾರ ಆಗಿರುತ್ತದೆ. ರಕ್ತಪರೀಕ್ಷೆಯ ರಿಪೋರ್ಟ್ ಚೆನ್ನಾಗಿಯೇ ಇದೆ. ಆದರೂ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ಕಣ್ಣು ತುಂಬಿ ಬರುತ್ತದೆ. ‘ಇಂಥ ಕಾಯಿಲೆ ಬಂದ ಮೇಲೆ ಬೇಜಾರಾಗದೆ ಇರುತ್ತಾ?’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಮನಸ್ಸು ಹಾಗೆ ಕುಗ್ಗುವುದು ನುಂಗುತ್ತಿರುವ ಔಷಧಿಯಿಂದಲೇ. ಔಷಧಿಯಿಂದ ಬರುವ ಖಿನ್ನತೆ ಎಂದರೆ ಇದು.

ಲಕ್ಷಣ ನೋಡಿ ಇದನ್ನು ಬೇರೆ ಮಾಡಲು ಆಗುವುದಿಲ್ಲ. ಮಾಮೂಲಿ ಖಿನ್ನತೆಯಲ್ಲಿ ಇರುವುದೆಲ್ಲ ಇಲ್ಲೂ ಇರುತ್ತದೆ. ಸುಳಿವು ಸಿಗುವುದು ದಿನಾಂಕದಲ್ಲಿ. ಔಷಧಿ ಶುರುವಾಗಿದ್ದು ಯಾವಾಗ, ಡೋಸ್ ಜಾಸ್ತಿ ಆಗಿದ್ದು ಯಾವಾಗ, ಮನಸ್ಸು ಕೆಟ್ಟಿದ್ದು ಯಾವಾಗ? ಇವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಔಷಧಿ ಬದಲಾಯಿಸಿದ ಮೇಲೆ ಮನಸ್ಸು ತಿಳಿಯಾದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಇದನ್ನು ವೈದ್ಯರು ಚೆನ್ನಾಗಿ ಕಂಡಿದ್ದು ಇಂಟರ್‌ಫೆರಾನ್ ಇಂಜೆಕ್ಷನ್‌ನಲ್ಲಿ. ಹೆಪಟೈಟಿಸ್ ಸಿ ಎಂಬ ಲಿವರ್ ಸೋಂಕಿಗೆ ಬಹಳ ವರ್ಷ ಇದೇ ಮುಖ್ಯ ಚಿಕಿತ್ಸೆಯಾಗಿತ್ತು. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ದಿನಾ ರೈಬಾವಿರಿನ್ ಮಾತ್ರೆ. ಸಾಮಾನ್ಯವಾಗಿ 24 ಅಥವಾ 48 ವಾರ. ಹೀಗೆ ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತಿತ್ತು. ಮೊದಮೊದಲು ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು. ಆಮೇಲೆ, ಬಹುತೇಕ ಮೊದಲ ಮೂರು ತಿಂಗಳ ಒಳಗೆ, ದುಃಖ, ಸಿಟ್ಟು, ಯಾವುದರಲ್ಲೂ ಆಸೆ ಇಲ್ಲದಿರುವುದು. ಕೆಲವರು ಸಾಯುವ ಯೋಚನೆಯವರೆಗೂ ಹೋಗುತ್ತಿದ್ದರು. ಅದಕ್ಕೇ ಇಂಜೆಕ್ಷನ್ ಶುರು ಮಾಡುವ ಮೊದಲೇ ಮನಸ್ಸಿನ ಸ್ಥಿತಿಯನ್ನು ವಿಚಾರಿಸುವುದು ರೂಢಿಯಾಯಿತು.

ಲಿವರ್‌ಗೆ ಕೊಟ್ಟ ಮದ್ದು ಮನಸ್ಸನ್ನು ಯಾಕೆ ಕುಗ್ಗಿಸಬೇಕು? ಇಂಟರ್‌ಫೆರಾನ್ ನಮ್ಮ ದೇಹವೇ ತಯಾರಿಸುವ ವಸ್ತು. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದರು. ವೈರಸ್ ಒಳಗೆ ಬಂದಾಗ ಜೀವಕೋಶಗಳು ಇದನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತವೆ. ಫ್ಲೂ ಜ್ವರ ಬಂದಾಗ ಯಾರ ಜೊತೆಗೂ ಮಾತು ಬೇಡ, ಸುಮ್ನೆ ಮಲಗಿಬಿಡೋಣ ಅನಿಸುತ್ತದೆ ಅಲ್ವಾ? ಅದರಲ್ಲಿ ಇಂಥ ವಸ್ತುಗಳ ಪಾಲೂ ಇದೆ. ಜ್ವರದಲ್ಲಿ ಇದು ಕೆಲವು ದಿನದ ಮಾತು. ಚಿಕಿತ್ಸೆಯಲ್ಲಿ ಅದೇ ವಸ್ತುವನ್ನು ತಿಂಗಳುಗಟ್ಟಲೆ ಹೊರಗಿನಿಂದ ಕೊಡುತ್ತಿದ್ದರು. ಅದು ಊಟದಿಂದ ಸಿಗುವ ಟ್ರಿಪ್ಟೊಫಾನ್ ಎಂಬ ಅಂಶವನ್ನು ಒಡೆಯುವ ಐಡಿಒ ಎಂಬ ಕಿಣ್ವವನ್ನು ಚುರುಕು ಮಾಡುತ್ತದೆ. ಮಿದುಳಿನಲ್ಲಿ ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ತಯಾರಾಗಲು ಬೇಕಾಗುವುದು ಇದೇ ಟ್ರಿಪ್ಟೊಫಾನ್. ಖಿನ್ನತೆಗೆ ಇದೊಂದೇ ಕಾರಣ ಅಲ್ಲ, ಆದರೆ ಜಾಸ್ತಿ ಅಧ್ಯಯನ ಆಗಿರುವ ದಾರಿಗಳಲ್ಲಿ ಇದೂ ಒಂದು. ಹಾಗಾಗಿ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎಂಬ ಮಾತು ಇಲ್ಲಿ ತುಂಬಾ ಅನ್ಯಾಯದ್ದು ಅಂತ ನನಗನಿಸುತ್ತದೆ. ಇಲ್ಲಿ ಏರುಪೇರಾಗಿರುವುದು ಆ ವ್ಯಕ್ತಿಯ ಧೈರ್ಯವಲ್ಲ.

ಈಗ ಹೆಪಟೈಟಿಸ್ ಸಿ ಕಾಯಿಲೆಗೆ ಸೋಫೋಸ್ಬುವಿರ್‌ನಂಥ ಮಾತ್ರೆಗಳಿವೆ. ಹೆಚ್ಚಿನವರಿಗೆ 12 ವಾರ ಸಾಕು, ಇಂಟರ್‌ಫೆರಾನ್ ಬೇಕಾಗುವುದಿಲ್ಲ. ನಮ್ಮ ದೇಶದಲ್ಲಿ 2018ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ.

ಇನ್ನೊಂದು ಔಷಧಿ ಎಫಾವಿರೆಂಜ್. ಎಚ್‌ಐವಿ ಜೊತೆ ಬದುಕುತ್ತಿರುವ ಲಕ್ಷಾಂತರ ಜನರ ಜೀವ ಉಳಿಸಿದ ಮಾತ್ರೆ ಇದು. ಎಚ್‌ಐವಿಗೆ ಚಿಕಿತ್ಸೆ ಕೊಡುವ ನಮ್ಮ ಎಆರ್‌ಟಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ಟೆನೊಫೋವಿರ್, ಲಾಮಿವುಡಿನ್ ಎಂಬ ಇನ್ನೆರಡು ಔಷಧಿಗಳ ಜೊತೆ ಸೇರಿಸಿ ಕೊಡುತ್ತಿದ್ದರು. ರಾತ್ರಿ ಮಲಗುವಾಗ ನುಂಗಬೇಕು. ಆದರೂ ಮೊದಲ ಕೆಲವು ವಾರ ತಲೆಸುತ್ತು, ಮಂಕು, ಕಣ್ಣಿಗೆ ಕಟ್ಟಿದಂಥ ವಿಚಿತ್ರ ಕನಸುಗಳು. ಬಹಳಷ್ಟು ಜನರಿಗೆ ಇವು ತಾವಾಗಿಯೇ ಕಡಿಮೆಯಾಗುತ್ತಿದ್ದವು. ಕೆಲವರಲ್ಲಿ ಮಾತ್ರ ಖಿನ್ನತೆ ಉಳಿಯುತ್ತಿತ್ತು. ನಾಲ್ಕು ಪ್ರಯೋಗಗಳ ಮಾಹಿತಿ ಸೇರಿಸಿ 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಎಫಾವಿರೆಂಜ್ ಇಲ್ಲದ ಚಿಕಿತ್ಸೆಗಿಂತ ಇದನ್ನು ತೆಗೆದುಕೊಂಡವರಲ್ಲಿ ಆತ್ಮಹತ್ಯೆಯ ಯೋಚನೆ ಮತ್ತು ಪ್ರಯತ್ನದ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಅಂಥವರ ಸಂಖ್ಯೆ ಒಟ್ಟಿನಲ್ಲಿ ಕಡಿಮೆಯೇ. ಆದರೂ ಕಡೆಗಣಿಸುವಂಥದ್ದಲ್ಲ. ಒಂದೇ ಮಾತ್ರೆ ಒಬ್ಬರಿಗೆ ಹಿಡಿಸಿ ಇನ್ನೊಬ್ಬರನ್ನು ಕಾಡಲು ಒಂದು ಕಾರಣ ಹುಟ್ಟಿನಿಂದ ಬಂದದ್ದು. ಇದನ್ನು ಕರಗಿಸುವ ಲಿವರ್ ಕಿಣ್ವ ಕೆಲವರಲ್ಲಿ ನಿಧಾನ, ಹಾಗಾಗಿ ಅವರ ರಕ್ತದಲ್ಲಿ ಔಷಧಿಯ ಪ್ರಮಾಣ ಏರುತ್ತದೆ. ಜಿಡ್ಡಿನ ಊಟದ ಜೊತೆ ನುಂಗಿದರೂ ಏರುತ್ತದೆ.

ಈಗ ಎಫಾವಿರೆಂಜ್ ಜಾಗಕ್ಕೆ ಹೆಚ್ಚಾಗಿ ಡೊಲುಟೆಗ್ರಾವಿರ್ ಎಂಬ ಮಾತ್ರೆ ಬಂದಿದೆ. ಮನಸ್ಸಿನ ಮೇಲೆ ಇದರ ಕಾಟ ಕಡಿಮೆ. ಆದರೂ ಕೆಲವರಿಗೆ ನಿದ್ದೆ ಕೆಡುತ್ತದೆ, ಅಪರೂಪಕ್ಕೆ ಮನಸ್ಸೂ ಕುಗ್ಗುತ್ತದೆ. ನಿದ್ದೆ ಮಾತ್ರ ಕೆಟ್ಟಿದ್ದರೆ ವೈದ್ಯರು ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿ ನೋಡುವುದುಂಟು.

ಹಾಗಂತ ವೈರಸ್‌ಗೆ ಕೊಡುವ ಎಲ್ಲ (ಆಂಟಿವೈರಲ್) ಔಷಧಿಯೂ ಖಿನ್ನತೆ ತರುತ್ತದೆ ಅಂದುಕೊಳ್ಳಬೇಡಿ. ಸರ್ಪಸುತ್ತಿಗೆ ಕೊಡುವ ಎಸೈಕ್ಲೋವಿರ್ ಬಹುತೇಕರ ಮನಸ್ಸಿಗೆ ಏನೂ ಮಾಡುವುದಿಲ್ಲ. ಕಿಡ್ನಿ ಸರಿ ಇಲ್ಲದವರಲ್ಲಿ ಅದು ದೇಹದಲ್ಲೇ ಉಳಿದು ಗೊಂದಲ, ಭ್ರಮೆ ತರಬಹುದು. ಅದು ಖಿನ್ನತೆಯಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಫ್ಲೂ ಜ್ವರದ ಟ್ಯಾಮಿಫ್ಲೂ ವಿಷಯದಲ್ಲಿ ಜಪಾನ್ 2007ರಲ್ಲಿ ಹದಿಹರೆಯದವರಿಗೆ ಕೊಡಬಾರದೆಂದು ಎಚ್ಚರಿಸಿತ್ತು. ಮಕ್ಕಳ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದ ವರದಿಗಳು ಅದಕ್ಕೆ ಕಾರಣ. ಆದರೆ ಔಷಧಿ ಇಲ್ಲದಿದ್ದರೂ ಫ್ಲೂ ಜ್ವರವೇ ಹಾಗೆ ಮಾಡಬಲ್ಲದು. ಆ ನಿರ್ಬಂಧವನ್ನು 2018ರಲ್ಲಿ ತೆಗೆದರು.

ಇಷ್ಟು ಓದಿ ಮಾತ್ರೆ ನಿಲ್ಲಿಸಬೇಡಿ. ಎಚ್‌ಐವಿ ಚಿಕಿತ್ಸೆಯಲ್ಲಂತೂ ಅದು ದೊಡ್ಡ ಅಪಾಯ. ಎಫಾವಿರೆಂಜ್ ರಕ್ತದಿಂದ ಬಹಳ ನಿಧಾನವಾಗಿ ಇಳಿಯುತ್ತದೆ. ಮೂರೂ ಔಷಧಿ ಒಟ್ಟಿಗೆ ನಿಲ್ಲಿಸಿದರೆ ಉಳಿದೆರಡು ಮೊದಲೇ ಇಳಿದುಹೋಗಿ, ಇದೊಂದೇ ಇನ್ನೂ ಹಲವು ದಿನ ಒಳಗಿರುತ್ತದೆ. ಒಂಟಿ ಔಷಧಿಗೆ ವೈರಸ್ ಬೇಗ ಒಗ್ಗಿಕೊಳ್ಳುತ್ತದೆ, ಮುಂದೆ ಆ ಮಾತ್ರೆ ಕೆಲಸಕ್ಕೆ ಬರುವುದಿಲ್ಲ. ವೈದ್ಯರಿಗೆ ಹೇಳಿದರೆ ದಾರಿಗಳಿವೆ. ಔಷಧಿ ಬದಲಾಯಿಸಬಹುದು, ಅಥವಾ ಜೊತೆಗೆ ಖಿನ್ನತೆಯ ಚಿಕಿತ್ಸೆ ಕೊಡಬಹುದು. ಇಂಟರ್‌ಫೆರಾನ್ ಕಾಲದಲ್ಲೂ ಖಿನ್ನತೆಯ ಮಾತ್ರೆ ಕೊಟ್ಟು ಎಷ್ಟೋ ಜನರ ಕೋರ್ಸ್ ಪೂರ್ತಿ ಮಾಡಿಸಿದ್ದಾರೆ.

ಹಿಂದೆ ಖಿನ್ನತೆ ಇದ್ದವರು ಅದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡುವುದು ಒಳ್ಳೆಯದು, ಅವರಿಗೆ ಅಪಾಯ ಸ್ವಲ್ಪ ಜಾಸ್ತಿ. ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರು ಇರುತ್ತಾರೆ, ಅವರ ಹತ್ತಿರವೂ ಹೇಳಬಹುದು. ಎಚ್‌ಐವಿ ಕುರಿತ ಪ್ರಶ್ನೆಗಳಿಗೆ 1097 ಸಹಾಯವಾಣಿ ಇದೆ. ಸಾಯುವ ಯೋಚನೆ ಬರುತ್ತಿದ್ದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯುವುದು ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಯಾವ ಔಷಧಿ ಯಾವಾಗಿನಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಅವರಿಗೂ ತಿಳಿಸಿ.