ಪಾರಿವಾಳಕ್ಕೆ ಗೊತ್ತಿರುವುದು ಒಂದೇ ವಿಳಾಸ

"ಮಾಮ, ಇದರ ಕಾಲಿಗೆ ಚೀಟಿ ಕಟ್ಟಿದ್ರೆ ಮಂಗಳೂರಿನ ಅಜ್ಜಿ ಮನೆಗೆ ಹೋಗ್ತದಾ?" ಉಡುಪಿಯ ನಮ್ಮ ಪಕ್ಕದ ಮನೆ ಹುಡುಗ ಟೆರೇಸಿನ ಗೂಡಿನಿಂದ ಪಾರಿವಾಳ ಹಿಡಿದು ತಂದಿದ್ದ. ಅವನ ಅಂಗೈಯಲ್ಲಿ ಅದರ ಎದೆ ಪಟಪಟ ಬಡಿದುಕೊಳ್ಳುತ್ತಿತ್ತು.

ಹೋಗುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಗೂಡಿನ ದಾರಿ ಮಾತ್ರ. ಅಜ್ಜಿ ಮನೆಯಲ್ಲೇ ಬೆಳೆದು ಪಳಗಿದ ಹಕ್ಕಿಯನ್ನು ಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ಉಡುಪಿಗೆ ತಂದು ಬಿಟ್ಟರೆ, ಗಂಟೆಯೊಳಗೆ ಮಂಗಳೂರು ಮುಟ್ಟೀತು. 1870ರಲ್ಲಿ ಪ್ರಶ್ಯಾದ ಸೇನೆ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದಾಗ ಅಲ್ಲಿಯ ಪಾರಿವಾಳಗಳನ್ನು ಬಲೂನಿನಲ್ಲಿ ಹೊರಗೆ ಸಾಗಿಸಿದ್ದು ಇದಕ್ಕೇ. ಚೂರು ಫಿಲ್ಮಿನಲ್ಲಿ ಸಾವಿರಾರು ಸಂದೇಶ ಹೊತ್ತು ಅವು ಮರಳಿದವು. ನಮ್ಮ ದೇಶದಲ್ಲೂ ಒಡಿಶಾ ಪೊಲೀಸರು 1946ರಿಂದ ಪಾರಿವಾಳ ಅಂಚೆ ನಡೆಸಿದರು. 1948ರಲ್ಲಿ ನೆಹರೂ ಸಂಬಲಪುರದಿಂದ ಕಟಕ್‌ಗೆ ಸಂದೇಶ ಕಳಿಸಿದ್ದು ಅದರಲ್ಲೇ.

ನನಗೆ ಜಾಸ್ತಿ ಖುಷಿ ಕೊಡುವುದು ಅವು ದಿಕ್ಕು ಹಿಡಿಯುವ ರೀತಿ. ಮಲ್ಪೆಯಲ್ಲಿ ಸಂಜೆ ಐದಕ್ಕೆ ದಡಕ್ಕೆ ಬರುವ ದೋಣಿಯವರ ಬೆನ್ನಿಗೆ ಬಿಸಿಲು. ಬೆಳಿಗ್ಗೆ ಏಳಕ್ಕೆ ಬಂದರೆ ಮುಖಕ್ಕೆ ಬಿಸಿಲು. ದಡ ಇದ್ದಲ್ಲೇ ಇದೆ ಅಲ್ವಾ? ಗಂಟೆ ಎಷ್ಟೆಂದು ಗೊತ್ತಿದ್ದರಷ್ಟೇ ಸೂರ್ಯ ದಿಕ್ಕು ಹೇಳುತ್ತಾನೆ. ಪಾರಿವಾಳದ ಮೈಯೊಳಗೂ ಒಂದು ಗಡಿಯಾರವಿದೆ.

ವಿಜ್ಞಾನಿಗಳು ಆ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿ ನೋಡಿದರು. ಹಕ್ಕಿಗಳನ್ನು ಕೆಲವು ದಿನ ಮುಚ್ಚಿದ ಕೋಣೆಯಲ್ಲಿಟ್ಟು, ದೀಪವನ್ನು ಆರು ಗಂಟೆ ತಡವಾಗಿ ಹಚ್ಚಿ ತಡವಾಗಿ ಆರಿಸಿದರು. ಆಮೇಲೆ ನಡುಮಧ್ಯಾಹ್ನ ಹೊರಗೆ ಬಿಟ್ಟರು. ಹಕ್ಕಿಯ ಲೆಕ್ಕದಲ್ಲಿ ಅದು ಬೆಳಿಗ್ಗೆ ಆರು. ಯುರೋಪ್, ಅಮೆರಿಕದಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕಿರುತ್ತಾನೆ. ಅದನ್ನೇ ಪೂರ್ವ ಅಂದುಕೊಂಡ ಹಕ್ಕಿ, ಗೂಡಿನ ದಿಕ್ಕು ಬಿಟ್ಟು ಸುಮಾರು 90 ಡಿಗ್ರಿ ಪಕ್ಕಕ್ಕೆ ಹಾರಿತು! ದುಬೈಯಿಂದ ಬಂದವರು ವಾಚು ತಿದ್ದಿಕೊಳ್ಳದೆ ಮದುವೆಗೆ ಹೊರಟು ಧಾರೆ ಮುಹೂರ್ತ ತಪ್ಪಿಸಿಕೊಂಡ ಹಾಗೆ.

ದಿಕ್ಕು ತಿಳಿದರೆ ಸಾಲದು, ಗೂಡು ಯಾವ ಕಡೆಗಿದೆ ಎಂದೂ ತಿಳಿಯಬೇಕು. ಅದಕ್ಕೆ ಗಾಳಿಯ ವಾಸನೆ ನೆರವಾಗುತ್ತದೆ ಎಂದು ಇಟಲಿಯ ಪ್ರಯೋಗಗಳು ತೋರಿಸಿವೆ.

ಹಾಗಾದರೆ ಆಟಿ ತಿಂಗಳಲ್ಲಿ, ದಿನಗಟ್ಟಲೆ ಬಿಸಿಲೇ ಕಾಣದಾಗ? ಅಮೆರಿಕದ ವಿಲಿಯಂ ಕೀಟನ್ ಪಾರಿವಾಳಗಳ ಬೆನ್ನಿಗೆ ಪುಟ್ಟ ಆಯಸ್ಕಾಂತ ಅಂಟಿಸಿ, ಅದರ ಫಲಿತಾಂಶವನ್ನು 1971ರಲ್ಲಿ ಪ್ರಕಟಿಸಿದರು. ಬಿಸಿಲಿದ್ದ ದಿನ ಅವು ಗೂಡಿನ ದಿಕ್ಕನ್ನೇ ಹಿಡಿದವು. ಮೋಡ ಕವಿದ ದಿನ ದಿಕ್ಕುಗೆಟ್ಟವು. ಆಯಸ್ಕಾಂತದ ಬದಲು ಹಿತ್ತಾಳೆ ಚೂರು ಹೊತ್ತ ಹಕ್ಕಿಗಳು ಮಾತ್ರ ಅದೇ ಮೋಡದಡಿ ಸರಿಯಾಗಿ ಗೂಡಿನ ಕಡೆ ಹಾರಿದವು. ಅಂದರೆ, ಸೂರ್ಯ ಕಾಣದಾಗ ಅವು ದಿಕ್ಸೂಚಿಯ ಮುಳ್ಳಿನ ಹಾಗೆ ಭೂಮಿಯ ಕಾಂತಶಕ್ತಿಯಿಂದ ದಿಕ್ಕು ಹಿಡಿಯುತ್ತಿರಬೇಕು.