ದಾವಣಗೆರೆ ನೇರ ರೈಲು: ಹಳಿಗಿಂತ ಮೊದಲು ಪಹಣಿ

ದಾವಣಗೆರೆಯಿಂದ ಬೆಂಗಳೂರಿಗೆ ಹೆದ್ದಾರಿ ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ನೆಟ್ಟಗೆ ಹೋಗುತ್ತದೆ. ರೈಲು ಹಾಗಲ್ಲ, ಚಿಕ್ಕಜಾಜೂರು, ಬೀರೂರು, ಅರಸೀಕೆರೆ, ತಿಪಟೂರು ಸುತ್ತಿ ತುಮಕೂರು ಮುಟ್ಟಬೇಕು. ಚಿತ್ರದುರ್ಗವಂತೂ ಜಿಲ್ಲಾ ಕೇಂದ್ರವಾಗಿಯೂ ಚಿಕ್ಕಜಾಜೂರಿನಿಂದ ಕವಲೊಡೆದ ಹಾದಿಯಲ್ಲೇ ಉಳಿದಿದೆ. ಈ ಸುತ್ತು ತಪ್ಪಿಸುವ ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಮಂಜೂರಾದದ್ದು 2011-12ರಲ್ಲಿ. ಉದ್ದ ಸುಮಾರು 190 ಕಿ.ಮೀ. ಮುಗಿದರೆ ಸುಮಾರು 65 ಕಿ.ಮೀ. ಪ್ರಯಾಣ ಉಳಿಯುತ್ತದೆ.

ರಾಜ್ಯವೇ ಕಾನೂನು ಮಾಡಿ ಈ ಕೆಲಸ ಮುಗಿಸಬಾರದೇ ಎಂದು ಜನ ಕೇಳುತ್ತಾರೆ. ಸಂಸ್ಥಾನದ ಕಾಲದಲ್ಲಿ ಮೈಸೂರು ಸರ್ಕಾರ ತನ್ನ ದುಡ್ಡಿನಲ್ಲೇ ಹಳಿ ಹಾಕಿಸಿದ್ದುಂಟು. ಸಂವಿಧಾನ ಬಂದ ಮೇಲೆ ರೈಲ್ವೆ ಕೇಂದ್ರ ಪಟ್ಟಿಯ 22ನೇ ನಮೂದಿಗೆ ಸೇರಿತು. ಹೊಸ ರೈಲು, ವೇಳಾಪಟ್ಟಿ, ನಿಲುಗಡೆ ಯಾವುದರ ಮೇಲೂ ವಿಧಾನಸಭೆಗೆ ಅಧಿಕಾರವಿಲ್ಲ. ಅದರ ಕೈಯಲ್ಲಿ ಉಳಿದದ್ದು ಬಜೆಟ್ ಮತ್ತು ಭೂಮಿ. ಅದಕ್ಕೇ ಈ ಮಾರ್ಗದ ಒಪ್ಪಂದದಲ್ಲಿ ರಾಜ್ಯ ಕಾಮಗಾರಿ ವೆಚ್ಚದ ಅರ್ಧ ಕೊಡುತ್ತದೆ, ಜಮೀನನ್ನು ಪುಕ್ಕಟೆಯಾಗಿ ಒದಗಿಸುತ್ತದೆ.

ದುಡ್ಡನ್ನು ಬಜೆಟ್‌ನ ಒಂದು ಸಾಲಿನಲ್ಲಿ ಬರೆದುಬಿಡಬಹುದು. ಜಮೀನು ಹಾಗೆ ಬರುವುದಿಲ್ಲ, ಸರ್ವೆ ನಂಬರ್ ಲೆಕ್ಕದಲ್ಲಿ ಬರುತ್ತದೆ.

ಭೂಸ್ವಾಧೀನ ಸಮವರ್ತಿ ಪಟ್ಟಿಯ ವಿಷಯ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. 2013ರ ಕೇಂದ್ರ ಕಾಯ್ದೆಗೆ ಕರ್ನಾಟಕ 2019ರಲ್ಲಿ ತಿದ್ದುಪಡಿ ತಂದು, ಮೂಲಸೌಕರ್ಯ ಯೋಜನೆಗಳಿಗೆ ಸಾಮಾಜಿಕ ಪರಿಣಾಮ ಅಧ್ಯಯನದಿಂದ ವಿನಾಯಿತಿ ಕೊಡುವ ದಾರಿ ತೆರೆಯಿತು. ಮುಂದಿನ ಹೆಜ್ಜೆಗಳು ಮಾತ್ರ ಹಾಗೇ ಇವೆ. 11ನೇ ಸೆಕ್ಷನ್ನಿನ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆ ಜಮೀನು ಮಾರುವಂತಿಲ್ಲ. ಆಕ್ಷೇಪಣೆಗೆ 60 ದಿನ. 12 ತಿಂಗಳೊಳಗೆ 19ನೇ ಸೆಕ್ಷನ್ನಿನ ಘೋಷಣೆ, ಅಲ್ಲಿಂದ 12 ತಿಂಗಳೊಳಗೆ ಪರಿಹಾರ ನಿಗದಿ ಮಾಡುವ ಐತೀರ್ಪು. ಸರ್ಕಾರ ವಿಸ್ತರಿಸದೆ ಗಡುವು ಮೀರಿದರೆ ಪ್ರಕ್ರಿಯೆಯೇ ಬಿದ್ದುಹೋಗುತ್ತದೆ.

ಪರಿಹಾರದ ಲೆಕ್ಕ ಹೀಗೆ. ಎಕರೆಗೆ ಮಾರುಕಟ್ಟೆ ಬೆಲೆ 10 ಲಕ್ಷ, ಗ್ರಾಮೀಣ ಗುಣಕ 2 ಎಂದಿಟ್ಟುಕೊಂಡರೆ 20 ಲಕ್ಷ. ಕೊಳವೆಬಾವಿ, ಅಡಿಕೆ, ತೆಂಗಿನ ಮೌಲ್ಯ ಕೂಡಿಸಿ, ಬಂದ ಮೊತ್ತಕ್ಕೆ ಶೇ 100ರಷ್ಟು ಸೊಲೇಷಿಯಂ, ಅಂದರೆ ಜಮೀನು ಬಲವಂತವಾಗಿ ಬಿಟ್ಟುಕೊಟ್ಟದ್ದಕ್ಕೆ ಕೊಡುವ ಹೆಚ್ಚುವರಿ ಹಣ. ಹೀಗೆ ಬರೀ ಹೊಲಕ್ಕೇ 40 ಲಕ್ಷ. ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ 12 ಬೇರೆ. ತಕರಾರು ಹುಟ್ಟುವುದು ಆ ಮೊದಲ 10 ಲಕ್ಷದಲ್ಲಿ. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆ ಅಥವಾ ಹಿಂದಿನ 3 ವರ್ಷದ ಕ್ರಯಪತ್ರಗಳ ಪೈಕಿ ಹೆಚ್ಚಿನ ಬೆಲೆ ತೋರಿಸುವ ಅರ್ಧದಷ್ಟು ಪತ್ರಗಳ ಸರಾಸರಿ, ಯಾವುದು ಜಾಸ್ತಿಯೋ ಅದನ್ನು ಹಿಡಿಯುತ್ತಾರೆ. ನೋಂದಣಿ ಶುಲ್ಕ ಉಳಿಸಲು ಊರವರೆಲ್ಲ ಕಡಿಮೆ ಬೆಲೆಗೆ ಬರೆಸಿದ್ದರೆ, ಪತ್ರದಲ್ಲಿರುವುದು ಅದೇ ಬೆಲೆ. ರೈತ 64ನೇ ಸೆಕ್ಷನ್ನಿನಡಿ ಹೆಚ್ಚಿನ ಪರಿಹಾರ ಕೇಳಬೇಕಾಗಿ ಬರುವುದು ಇದರಿಂದಲೇ.

ಇನ್ನೊಂದು ತೊಡಕು ಪಹಣಿಯದು, ಅಂದರೆ ಜಮೀನಿನ ಒಡೆತನ, ಸಾಗುವಳಿ ತೋರಿಸುವ ದಾಖಲೆಯದು. ತೀರಿಕೊಂಡ ಅಜ್ಜನ ಹೆಸರಲ್ಲೇ ಖಾತೆ, ಉಳುವವರು ಮೂವರು ಮೊಮ್ಮಕ್ಕಳು, ಪಾಲು ಅಳೆದು ಬೇರ್ಪಡಿಸುವ ಪೋಡಿ ಆಗಿಲ್ಲ. ಜಂಟಿ ಅಳತೆಗೆ ಬಂದ ಸರ್ವೆಯರ್ ಯಾರ ಪಾಲು ಎಷ್ಟು ಗುಂಟೆ ಹೋಯಿತೆಂದು ಬರೆಯಲಾರ. ವಾರಸುದಾರರು ಒಮ್ಮತಕ್ಕೆ ಬಾರದಿದ್ದರೆ 77ನೇ ಸೆಕ್ಷನ್ನಿನಂತೆ ಹಣ ಭೂಸ್ವಾಧೀನ ವ್ಯಾಜ್ಯ ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿಯಾಗುತ್ತದೆ. ಕಾಗದದ ಮೇಲೆ ಪರಿಹಾರ ಕೊಟ್ಟಾಯಿತು, ಮನೆಗೆ ಬಿಡಿಗಾಸೂ ಬಂದಿಲ್ಲ. ಅಂಥವರು ಹೊಲದಲ್ಲಿ ಜೆಸಿಬಿ ತಡೆದರೆ ಅವರನ್ನು ಅಭಿವೃದ್ಧಿ ವಿರೋಧಿಗಳೆಂದು ಕರೆಯುವುದು ಅನ್ಯಾಯ. ಮಧ್ಯೆ ಅರ್ಧ ಕಿ.ಮೀ. ಜಾಗ ಸಿಗದಿದ್ದರೂ ಆಚೀಚೆ ಎದ್ದ ಏರಿ, ಸೇತುವೆ ಸುಮ್ಮನೆ ಬಿದ್ದಿರುತ್ತವೆ, ವೆಚ್ಚ ವರ್ಷದಿಂದ ವರ್ಷಕ್ಕೆ ಏರುತ್ತದೆ.

ರಾಜ್ಯ ನಿಜವಾಗಿ ಚುರುಕಾಗಬೇಕಾದದ್ದು ಇಲ್ಲೇ. ಮಾರ್ಗದ ಗುರುತು ಬಿದ್ದ ಕೂಡಲೇ, 11ನೇ ಸೆಕ್ಷನ್ನಿನ ಅಧಿಸೂಚನೆಗೆ ಮೊದಲೇ, ಹಿರಿಯೂರಿನಿಂದ ಭರಮಸಾಗರದವರೆಗೆ ಊರೂರಲ್ಲಿ ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡುವುದು), ಪೋಡಿ ಅದಾಲತ್ ನಡೆಸಬೇಕು. ಅದಕ್ಕೆ ದೆಹಲಿಯ ಅನುಮತಿ ಬೇಡ. ತಹಶೀಲ್ದಾರ್, ಸರ್ವೆಯರ್, ಗ್ರಾಮ ಆಡಳಿತ ಅಧಿಕಾರಿಗಳು ಸಾಕು.